ನಾಲ್ಕು ಕೈಗಳ ವಾರ್ತೆ

ನಮ್ಮ ಓಣಿಯಲ್ಲಿ ಯಾರ ಮನೆಯ ಟಿ.ವಿ.ಯಲ್ಲಿ ಚಿತ್ರ ಕುಣಿದರೂ ಮೊದಲು ನನ್ನನ್ನು ಕರೆಯುತ್ತಿದ್ದರು. ನಾನೇನು ಮೆಕ್ಯಾನಿಕ್ ಅಲ್ಲ. ಆಂಧ್ರದ ಗಡಿಯೂರು ಆದೋನಿಯ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತೆಲುಗು, ಬೋರ್ಡಿನ ಮೇಲೆ ಇಂಗ್ಲಿಷು. ಮೂರರಲ್ಲೂ ನಾನು ಜಾಣ ಎಂಬ ಭ್ರಮೆ ನನಗಿತ್ತು. ಆಗ ಇಪ್ಪತ್ತೆಂಟು ವರ್ಷ, ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಕೇಬಲ್ಲು ನಮ್ಮ ಓಣಿಗೆ ಬರುವುದಕ್ಕೆ ಮುಂಚಿನ ಮಾತು ಇದು. ಎಲ್ಲರ ಮಾಳಿಗೆಯ ಮೇಲೂ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ನಿಂತಿರುತ್ತಿತ್ತು, ಅದರ ಮೇಲೆ ಕಾಗೆ ಕೂತರೆ ಕೆಳಗೆ ಚಿತ್ರ ಅಲುಗುತ್ತಿತ್ತು.

ಊರಿನ ಟವರಿನಿಂದ ತೆಲುಗು, ಹಿಂದಿ ಕಾರ್ಯಕ್ರಮಗಳು ಸಲೀಸಾಗಿ ಬರುತ್ತಿದ್ದವು. ಅದಕ್ಕೆ ಮೂರು ಕಡ್ಡಿಯ ಪುಟ್ಟ ಆಂಟೆನಾ ಸಾಕು. ಕನ್ನಡ ಬೇಕೆಂದರೆ ಎತ್ತರದ ಕಂಬಕ್ಕೆ ಹನ್ನೆರಡು ಕಡ್ಡಿಯ ದೊಡ್ಡ ಆಂಟೆನಾ ಕಟ್ಟಿ ಬಳ್ಳಾರಿಯ ಕಡೆಗೆ ಮುಖ ಮಾಡಿಸಬೇಕು. ಅವ್ವನಿಗೆ ಕನ್ನಡವೇ ಬೇಕಾಗಿತ್ತು. ಅವಳಿಗೇನು ತೆಲುಗು ಬಾರದೆಂದಲ್ಲ. ಪೆದ್ದಕಡುಬೂರಿನಲ್ಲಿ ಹುಟ್ಟಿದವಳು, ಸಂತೆಯಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡುತ್ತಿದ್ದಳು. "ಜಗಳ ಆಡಾಕ ತೆಲುಗು ಚೊಲೊ, ಅಳಾಕ ಕನ್ನಡಾನ ಬೇಕು" ಅನ್ನುತ್ತಿದ್ದಳು. ಭಾನುವಾರ ಸಂಜೆಯ ಕನ್ನಡ ಸಿನಿಮಾ ನೋಡಿ ಒಂದಿಷ್ಟು ಅತ್ತರೇ ಅವಳಿಗೆ ವಾರ ಮುಗಿದಂತೆ.

ಆದರೆ ನಮ್ಮ ಮನೆಯ ಬಳ್ಳಾರಿ ದಿಕ್ಕಿಗೆ ಹತ್ತಿ ವ್ಯಾಪಾರಿಯೊಬ್ಬರು ಮೂರಂತಸ್ತಿನ ಮನೆ ಎಬ್ಬಿಸಿದರು. ಅಂದಿನಿಂದ ಕನ್ನಡ ಸಿನಿಮಾದ ಜಾಗದಲ್ಲಿ ಬರೀ ಚುಕ್ಕಿಗಳು. ನಮ್ಮ ಎಡಗಡೆಯ ಮನೆ ಮಾತ್ರ ಏರಿನ ಮೇಲಿತ್ತು, ಅದರ ಮಾಳಿಗೆ ನಮ್ಮದಕ್ಕಿಂತ ಆಳುದ್ದ ಎತ್ತರ. ಅಲ್ಲಿಂದ ನೋಡಿದರೆ ಆ ದೊಡ್ಡ ಮನೆ ಬದಿಗೆ ಸರಿದು ಬಳ್ಳಾರಿಯ ಕಡೆಗೆ ಯಾವ ಅಡ್ಡಿಯೂ ಇರಲಿಲ್ಲ. ಎಷ್ಟೋ ಸಂಜೆ ನಾನು ಆ ಮಾಳಿಗೆಯನ್ನು ಆಸೆಯಿಂದ ನೋಡಿದ್ದೇನೆ.

ಆ ಮನೆಯಲ್ಲಿದ್ದವರೂ ಇಬ್ಬರೇ. ಹತ್ತಿ ಜಿನ್ನಿಂಗ್ ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದ, ಗಂಡನನ್ನು ಕಳೆದುಕೊಂಡ ಹೆಂಗಸು. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವಳ ಮಗಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಕರ್ನೂಲಿನ ಕಡೆಯ ಒಂದು ಕಿವುಡರ ವಸತಿ ಶಾಲೆಯಲ್ಲಿ ಏಳೆಂಟು ವರ್ಷ ಇದ್ದು, ಕೈಭಾಷೆಯನ್ನೂ ತೆಲುಗು ಓದುಬರಹವನ್ನೂ ಹೊಲಿಗೆಯನ್ನೂ ಕಲಿತು ಬಂದಿದ್ದಳು. ಓಣಿಯ ಹೆಂಗಸರ ಕುಪ್ಪಸಗಳೆಲ್ಲ ಅವಳದೇ ಕೈಯವು. ಆದರೆ ಅವಳು ಕಲಿತ ಕೈಭಾಷೆ ನಮ್ಮ ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಉಂಡೆಯಾ, ಹೋದೆಯಾ, ಬಂದೆಯಾ ಎಂಬಷ್ಟನ್ನು ಎಲ್ಲರೂ ಕೈಸನ್ನೆಯಲ್ಲಿ ಕೇಳುತ್ತಿದ್ದರು, ಅಲ್ಲಿಗೆ ಮುಗಿಯಿತು.

ಹೊಲಿದು ಹೊಲಿದು ಅವಳೇ ಒಂದು ಸಣ್ಣ ಕಪ್ಪು-ಬಿಳುಪು ಟಿ.ವಿ. ತಂದಿದ್ದಳು. ಕಿವಿ ಕೇಳದವಳಿಗೆ ಟಿ.ವಿ. ಯಾಕೆ ಎಂದು ಅವ್ವ ಒಮ್ಮೆ ಕೇಳಿದಾಗ ಅಕ್ಕ ಕಾರಣ ಹೇಳಿದ್ದಳು. ಭಾನುವಾರ ಮಧ್ಯಾಹ್ನ ಕಿವಿ ಕೇಳದವರಿಗಾಗಿ ವಾರ್ತೆ ಬರುತ್ತಿತ್ತು. ಒಬ್ಬರು ಕೈಸನ್ನೆಯಲ್ಲಿ ಸುದ್ದಿ ಹೇಳುತ್ತಿದ್ದರು. ವಾರಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ಅಷ್ಟು ಹೊತ್ತು ಮಾತ್ರ ಈ ಹುಡುಗಿ ಹೊಲಿಗೆಯ ಮಿಷನ್ ಮುಚ್ಚಿ, ತಲೆ ಬಾಚಿಕೊಂಡು, ಯಾರದೋ ಮನೆಗೆ ಬೀಗತಿಯಾಗಿ ಹೋದವಳ ಹಾಗೆ ಟಿ.ವಿ. ಎದುರು ಕೂರುತ್ತಿದ್ದಳಂತೆ. ಕೇಳಿ ನನಗೂ ಸೋಜಿಗವಾಯಿತು. ಆಮೇಲೆ ಮರೆತೆ.

ನಾನು ಅಕ್ಕನ ಹತ್ತಿರ ಹೋಗಿ, ನಿಮ್ಮ ಮಾಳಿಗೆಯ ಮೇಲೆ ನನ್ನ ದೊಡ್ಡ ಆಂಟೆನಾ ನಿಲ್ಲಿಸುತ್ತೇನೆ, ನಿಮ್ಮ ಸಣ್ಣ ಆಂಟೆನಾವನ್ನೂ ಅದೇ ಕಂಬಕ್ಕೆ ಕಟ್ಟಿ ಎರಡರ ವೈರನ್ನೂ ಒಂದು ಡಬ್ಬಿಯಲ್ಲಿ ಕೂಡಿಸುತ್ತೇನೆ, ಅಲ್ಲಿಂದ ನಿಮ್ಮ ಮನೆಗೊಂದು ನಮ್ಮ ಮನೆಗೊಂದು ವೈರು ಎಳೆಯುತ್ತೇನೆ, ಇಬ್ಬರಿಗೂ ಕನ್ನಡ ತೆಲುಗು ಹಿಂದಿ ಎಲ್ಲಾ ಬರುತ್ತದೆ ಎಂದು ವಿವರಿಸಿದೆ. ಅಕ್ಕನಿಗೆ ಡಬ್ಬಿಯ ಸಂಗತಿ ತಿಳಿಯಲಿಲ್ಲ, ಸಾರ್ ತಮ್ಮ ಮನೆ ಮೆಟ್ಟಿಲು ಹತ್ತಿ ಬಂದದ್ದೇ ದೊಡ್ಡದಾಗಿ ಕಂಡಿತು. ಆಗಲಿ ಎಂದಳು. ಮಗಳು ಮಿಷನ್ನಿನ ಮುಂದೆ ಕೂತು ನಮ್ಮಿಬ್ಬರ ಬಾಯಿಗಳನ್ನೇ ನೋಡುತ್ತಿದ್ದಳು. ಅವಳನ್ನು ನಾನೂ ಕೇಳಲಿಲ್ಲ, ಅವಳ ತಾಯಿಯೂ ಕೇಳಲಿಲ್ಲ.

ಎರಡು ರಜೆಯ ದಿನ ದುಡಿದು ಕಂಬ ನಿಲ್ಲಿಸಿದೆ. ಜೋಡಿಸುವ ಡಬ್ಬಿಯನ್ನು ಬಳ್ಳಾರಿಯಿಂದ ತಂದಿದ್ದೆ. ಅಂಗೈಯಗಲದ್ದು, ಎರಡು ವೈರು ಒಳಗೆ, ಎರಡು ಹೊರಗೆ. ಆ ಸಂಜೆ ಅವ್ವ ನಾಲ್ಕು ತಿಂಗಳ ಮೇಲೆ ಕನ್ನಡ ಸಿನಿಮಾ ನೋಡಿ ಮನಸಾರೆ ಅತ್ತಳು. ಅತ್ತು ಮುಗಿಸಿ, ನನ್ನ ಮಗ ಬಳ್ಳಾರಿಯನ್ನೇ ಮನೆಗೆ ತಂದ ಎಂದು ಓಣಿಗೆಲ್ಲ ಹೇಳಿಬಂದಳು. ನಾನು ಕಾಲೇಜಿನಲ್ಲಿ ತರಂಗಗಳ ಪಾಠ ಬಂದಾಗ ಇದೇ ಜೋಡಣೆಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದೆ. ಇಬ್ಬರು ಸಹೋದ್ಯೋಗಿಗಳನ್ನು ಕರೆತಂದು ಮಾಳಿಗೆ ಹತ್ತಿಸಿ ತೋರಿಸಿದೆ.

ಒಂದು ದೋಷ ಮಾತ್ರ ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು. ಊರಿನ ಟವರಿನ ಕಾರ್ಯಕ್ರಮದಲ್ಲಿ ಪ್ರತಿಯೊಂದು ಚಿತ್ರದ ಪಕ್ಕದಲ್ಲೂ ಅದರದೇ ನೆರಳು. ಒಬ್ಬ ಮನುಷ್ಯ ನಿಂತರೆ ಅವನ ಬಲಕ್ಕೆ ಎರಡು ಬೆರಳು ಸರಿದು ಇನ್ನೊಬ್ಬ ಮಸುಕಾದವನು. ಕಾರಣವೂ ನನಗೆ ಗೊತ್ತಿತ್ತು. ಸಣ್ಣ ಆಂಟೆನಾ ಟವರನ್ನು ನೇರವಾಗಿ ನೋಡುತ್ತಿತ್ತು. ದೊಡ್ಡದು ಬಳ್ಳಾರಿಯ ಕಡೆಗೆ ತಿರುಗಿದ್ದರೂ, ಟವರಿನ ತರಂಗ ಕೋಟೆಗುಡ್ಡದ ಬಂಡೆಗಳಿಗೆ ಬಡಿದು ವಾಪಸಾಗುವುದನ್ನು ಹಿಡಿಯುತ್ತಿತ್ತು. ಒಂದೇ ಚಿತ್ರ ಎರಡು ದಾರಿಯಿಂದ, ಎರಡನೆಯದು ಒಂದಿಷ್ಟು ತಡವಾಗಿ. ಬೇರೆ ಬೇರೆಯಾಗಿದ್ದಾಗ ಇಲ್ಲದ ತೊಂದರೆ ಕೂಡಿಸಿದ್ದರಿಂದ ಬಂದಿತ್ತು. ಆದರೆ ಧ್ವನಿ ಸ್ಪಷ್ಟವಾಗಿತ್ತು. ಅವ್ವನಿಗೆ ತೆಲುಗಿನ ಚಿತ್ರ ಹೇಗಿದ್ದರೂ ನಡೆಯುತ್ತಿತ್ತು. ಕೇಳುವುದಕ್ಕೆ ತೊಂದರೆಯಿಲ್ಲವಲ್ಲ ಎಂದು ನಾನೂ ಸುಮ್ಮನಾದೆ.

ಮುಂದಿನ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಆ ಹುಡುಗಿ ನಮ್ಮ ಬಾಗಿಲಿಗೆ ಬಂದಳು. ತಲೆ ಬಾಚಿ ಹೂ ಮುಡಿದಿದ್ದಳು. ಮಾಳಿಗೆಯ ಕಡೆ ಕೈ ತೋರಿಸಿ, ಟಿ.ವಿ.ಯ ಚೌಕವನ್ನು ಗಾಳಿಯಲ್ಲಿ ಬರೆದು, ತನ್ನ ಎರಡು ಕೈಗಳನ್ನು ಎತ್ತಿ ತೋರಿಸಿದಳು, ಮತ್ತೆ ಅವನ್ನೇ ಬಲಕ್ಕೆ ಸರಿಸಿ ಇನ್ನೆರಡು ಕೈ ಎಂಬಂತೆ ಎತ್ತಿದಳು. ಆಮೇಲೆ ಎಲ್ಲವನ್ನೂ ಕಲೆಸಿ ತಲೆ ಅಲ್ಲಾಡಿಸಿದಳು. ನಾಲ್ಕು ಕೈ ಕಾಣಿಸುತ್ತಿವೆ, ಒಂದೂ ತಿಳಿಯುತ್ತಿಲ್ಲ. ಇಷ್ಟು ಸ್ಪಷ್ಟವಾಗಿ ಯಾವ ವಿದ್ಯಾರ್ಥಿಯೂ ನನಗೆ ಪ್ರಶ್ನೆ ಕೇಳಿರಲಿಲ್ಲ. ನನಗೆ ಕ್ಷಣದಲ್ಲೇ ಅರ್ಥವಾಯಿತು. ಆದರೂ ಅರ್ಥವಾಗದವನಂತೆ ಮುಖ ಮಾಡಿ, ನೋಡುತ್ತೇನೆ ಎಂದು ಕೈಸನ್ನೆ ಮಾಡಿ ಅನ್ನಕ್ಕೆ ಸಾರು ಹಾಕಿಕೊಂಡೆ.

ನೋಡಲಿಲ್ಲ. ಅವಳ ಸಣ್ಣ ಆಂಟೆನಾವನ್ನು ಬಿಚ್ಚಿ ಅವಳ ವೈರಿಗೆ ಮೊದಲಿನಂತೆ ಸೇರಿಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ನಮಗೆ ಇನ್ನೊಂದು ಸಣ್ಣ ಆಂಟೆನಾ ನಮ್ಮ ಮಾಳಿಗೆಯ ಮೇಲೇ ಕಟ್ಟಿಕೊಳ್ಳಬಹುದಿತ್ತು. ಆದರೆ ಹಾಗೆ ಮಾಡಿದರೆ, ನಾನು ಬೋರ್ಡಿನ ಮೇಲೆ ಬರೆದದ್ದು, ಸಹೋದ್ಯೋಗಿಗಳಿಗೆ ತೋರಿಸಿದ್ದು ತಪ್ಪು ಎಂದು ನಾನೇ ಒಪ್ಪಿಕೊಂಡಂತೆ. ಒಬ್ಬ ಹುಡುಗಿಯ ವಾರಕ್ಕೊಮ್ಮೆಯ ಚೂರು ಹೊತ್ತಿಗೆ ಅಷ್ಟು ಮಾಡಬೇಕೇ ಎಂದುಕೊಂಡೆ. ನಾನು ಹಾಗೆಯೇ ಅಂದುಕೊಂಡದ್ದು ನಿಜ.

ಎರಡು ವಾರದ ನಂತರ ಅಕ್ಕನೇ ಬಂದು, ಮಗಳು ಊಟ ಸರಿಯಾಗಿ ಮಾಡುತ್ತಿಲ್ಲ, ಟಿ.ವಿ. ತೋರಿಸಿ ಅಳುತ್ತಾಳೆ, ಏನಾಗಿದೆ ನೋಡಿ ಎಂದಳು. ಹೋಗಿ ನೋಡಿದೆ. ಹಿಂದಿಯ ಯಾವುದೋ ಕಾರ್ಯಕ್ರಮ, ಎರಡೆರಡು ಮುಖಗಳು. ಹುಡುಗಿ ನನ್ನ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ಟಿ.ವಿ.ಯ ಹಿಂಭಾಗಕ್ಕೆ ಎರಡು ಸಲ ತಟ್ಟಿದೆ.

"ಟ್ಯೂಬ್ ಹಳೇದಾಗೈತಕ್ಕ," ಎಂದೆ. "ಆಂಟೆನಾದ್ದೇನೂ ಇಲ್ಲ. ಸೆಟ್ಟಿಂದ ತಪ್ಪು."

ಅಕ್ಕ ನಂಬಿದಳು. ಟಿ.ವಿ.ಯನ್ನು ಹಳೆಯ ಸೀರೆಯಲ್ಲಿ ಕಟ್ಟಿ ರಿಕ್ಷಾದಲ್ಲಿ ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ತನ್ನ ಆಂಟೆನಾಕ್ಕೆ ಹಾಕಿ ನೋಡಿ ಏನೂ ತೊಂದರೆಯಿಲ್ಲ ಎಂದು ವಾಪಸು ಕಳಿಸಿದ. ಮನೆಗೆ ತಂದರೆ ಮತ್ತೆ ನಾಲ್ಕು ಕೈ. ಎರಡನೆಯ ಸಲ ಒಯ್ದಾಗಲೂ ಅದೇ ಮಾತು. ಅಕ್ಕ ನನ್ನ ಹತ್ತಿರ ಬಂದು, ಆ ಅಂಗಡಿಯವನಿಗೆ ಕೆಲಸ ಬರುವುದಿಲ್ಲವೆಂದು ಬೈದುಕೊಂಡಳು. ನಾನು ಹೂಂಗುಟ್ಟಿದೆ. ಪಾಪ, ಅವನು ನಿಜ ಹೇಳಿದ್ದ.

ಹೀಗೆ ದಸರಾ ಹೋಯಿತು, ಸಂಕ್ರಾಂತಿ ಹೋಯಿತು. ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ. ಅವ್ವ ಮಧ್ಯಾಹ್ನದ ಕನ್ನಡ ಕಾರ್ಯಕ್ರಮ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಚಿತ್ರ ಹೋಗಿ ಚುಕ್ಕಿ ಬಂತು. ಸ್ವಲ್ಪ ಹೊತ್ತಿಗೆ ಬಂತು, ಮತ್ತೆ ಹೋಯಿತು. ಅವ್ವ ಕೂಗಿಕೊಂಡಳು. ನಾನು ಸಿಟ್ಟಿನಿಂದ ಏಣಿ ಹತ್ತಿ ಅಕ್ಕನ ಮಾಳಿಗೆಗೆ ಹೋದೆ.

ಹುಡುಗಿ ಕಂಬದ ಬುಡದಲ್ಲಿ ಕೂತಿದ್ದಳು. ಕೈಯಲ್ಲಿ ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂಡ್ರೈವರ್. ಡಬ್ಬಿಯಿಂದ ದೊಡ್ಡ ಆಂಟೆನಾದ ವೈರನ್ನು ಬಿಚ್ಚಿದ್ದಳು. ನನ್ನನ್ನು ಕಂಡು ಹೆದರಲಿಲ್ಲ. ಬಾ ಎಂದು ಕರೆದು, ಮಾಳಿಗೆಯ ನಡುವಿನ ಗವಾಕ್ಷಿಯ ಕಡೆ ಕೈ ತೋರಿಸಿದಳು. ಬೆಳಕಿಗೆಂದು ಬಿಟ್ಟ ಆ ಕಿಂಡಿಯ ನೇರಕ್ಕೆ ಕೆಳಗೆ ಅವರ ಟಿ.ವಿ. ಇತ್ತು. ನಾನು ಮಂಡಿಯೂರಿ ಬಗ್ಗಿ ನೋಡಿದೆ. ವಾರ್ತೆ ನಡೆಯುತ್ತಿತ್ತು. ಒಬ್ಬ ಹೆಂಗಸು, ಎರಡು ಕೈ, ಬೆರಳು ಬೆರಳೂ ಸ್ಪಷ್ಟ. ಹುಡುಗಿ ವೈರನ್ನು ಡಬ್ಬಿಗೆ ತಾಗಿಸಿದಳು. ಇಬ್ಬರು ಹೆಂಗಸರು, ನಾಲ್ಕು ಕೈ. ತೆಗೆದಳು. ಎರಡು ಕೈ. ಮೂರು ಸಲ ಹಾಗೆ ಮಾಡಿ ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ದೂರು ಇರಲಿಲ್ಲ. ಕಂಡುಹಿಡಿದ ಸಂತೋಷವಿತ್ತು. ನಾನೂ ಸಂತೋಷಪಡುತ್ತೇನೆ ಎಂದುಕೊಂಡಿದ್ದಳು.

ನಾನು ಅವಳ ಕೈಯಿಂದ ವೈರು ಕಿತ್ತುಕೊಂಡೆ. ಅಷ್ಟರಲ್ಲಿ ಅವ್ವನ ಕೂಗಿಗೆ ಓಣಿಯ ನಾಲ್ಕಾರು ಜನ ಸೇರಿದ್ದರು, ಅಕ್ಕನೂ ಹೊರಗೆ ಬಂದಿದ್ದಳು. ಮಾಳಿಗೆಯ ಅಂಚಿಗೆ ಬಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ.

"ನಿನ್ನ ಮಗಳಿಗೆ ಬುದ್ಧಿ ಹೇಳಕ್ಕ. ತಿಳಿಯದ ವೈರಿಗೆ ಕೈ ಹಾಕಿ ಎಲ್ಲಾ ಕೆಡಿಸ್ಯಾಳ. ಶಾಕ್ ಹೊಡದು ಸತ್ತರ ಯಾರು ಹೊಣಿ?"

ಆ ವೈರಿನಲ್ಲಿ ಇರುವೆಯನ್ನು ಕೊಲ್ಲುವಷ್ಟೂ ವಿದ್ಯುತ್ತಿಲ್ಲ. ಅದು ನನಗೆ ಗೊತ್ತಿತ್ತು, ಕೆಳಗೆ ನಿಂತವರಿಗೆ ಗೊತ್ತಿರಲಿಲ್ಲ. ಹುಡುಗಿ ನನ್ನ ಬಾಯನ್ನೂ ತಾಯಿಯ ಮುಖವನ್ನೂ ತಿರುಗಿ ತಿರುಗಿ ನೋಡಿದಳು. ಏನು ಹೇಳಿದೆನೆಂದು ಅವಳಿಗೆ ತಿಳಿಯಿತು. ಸ್ಕ್ರೂಡ್ರೈವರನ್ನು ಸೆರಗಿನ ತುದಿಯಲ್ಲಿ ಒರೆಸಿಕೊಂಡು ಕೆಳಗಿಳಿದು ಹೋದಳು. ನಾನು ಮರುದಿನ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತಂದು, ಜೋಡಣೆಯನ್ನು ಅದರೊಳಗಿಟ್ಟು ಬೀಗ ಹಾಕಿದೆ.

ಒಂದೆರಡು ತಿಂಗಳ ಮೇಲೆ, ಬಿಸಿಲು ಕೆಂಡವಾಗಿದ್ದ ಒಂದು ಭಾನುವಾರ, ಯಾವುದೋ ಕೆಲಸಕ್ಕೆ ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದೆ. ಅಲ್ಲಿ ಟಿ.ವಿ. ಮಾರುವ ಅಂಗಡಿಯೊಂದಿತ್ತು. ಗಾಜಿನ ಹಿಂದೆ ಸೆಟ್ಟುಗಳನ್ನು ಹಚ್ಚಿಡುತ್ತಿದ್ದರು, ಬೀದಿಗೆ ಧ್ವನಿ ಕೇಳಿಸುತ್ತಿರಲಿಲ್ಲ. ಗಾಜಿನ ಮುಂದೆ, ತಲೆಯ ಮೇಲೆ ಸೆರಗು ಹೊದ್ದು ಆ ಹುಡುಗಿ ನಿಂತಿದ್ದಳು. ಒಳಗೆ ಅದೇ ವಾರ್ತೆ. ಅವಳ ಬಲಗೈಯ ಬೆರಳುಗಳು ಸೊಂಟದ ಹತ್ತಿರ ಸಣ್ಣಗೆ ಆಡುತ್ತಿದ್ದವು. ಯಾರಾದರೂ ಮಾತಾಡಿದರೆ ನಾವು ಹೂಂ ಹೂಂ ಅನ್ನುತ್ತೇವಲ್ಲ, ಹಾಗೆ. ಹೋಗುವವರು ಬರುವವರು ಅವಳಿಗೆ ತಗುಲಿಕೊಂಡೇ ಹೋಗುತ್ತಿದ್ದರು. ಹಣ್ಣಿನ ಬಂಡಿಯವನು ಪಕ್ಕಕ್ಕೆ ಸರಿ ಎಂದು ಕೂಗುತ್ತಿದ್ದ, ಅದು ಅವಳಿಗೆ ಕೇಳಿಸುವಂತಿರಲಿಲ್ಲ. ಆಮೇಲೆ ತಿಳಿಯಿತು, ಬೀಗ ಹಾಕಿದ ಮರುವಾರದಿಂದಲೇ ಅವಳು ಪ್ರತಿ ಭಾನುವಾರ ಅಲ್ಲಿಗೆ ನಡೆದು ಹೋಗುತ್ತಿದ್ದಳಂತೆ.

ನಾನು ಅವಳ ಹತ್ತಿರ ಹೋಗಲಿಲ್ಲ. ಒಂದು ಲಾರಿಯ ಮರೆಗೆ ಸರಿದು, ಬಂದ ಕೆಲಸ ಬಿಟ್ಟು ಮನೆಗೆ ಬಂದೆ. ಚಪ್ಪಲಿಯನ್ನೂ ಬಿಡದೆ ಮಾಳಿಗೆ ಹತ್ತಿ ಬೀಗ ತೆಗೆದೆ. ಸಣ್ಣ ಆಂಟೆನಾದ ವೈರನ್ನು ಬಿಚ್ಚಿ ನೇರವಾಗಿ ಅವರ ಮನೆಯ ವೈರಿಗೆ ಸೇರಿಸಿದೆ. ಹತ್ತು ನಿಮಿಷ ಹಿಡಿಯಿತು. ಮುಂದಿನ ವಾರ ನಮ್ಮ ಮಾಳಿಗೆಗೆ ಬೇರೆ ಸಣ್ಣ ಆಂಟೆನಾ ಕಟ್ಟಿ, ಟಿ.ವಿ.ಯ ಹಿಂದೆ ಕೈಯಿಂದ ವೈರು ಬದಲಿಸುವ ಹಾಗೆ ಮಾಡಿಕೊಂಡೆ. ಅವ್ವ ಎರಡು ದಿನ ಗೊಣಗಿ ರೂಢಿ ಮಾಡಿಕೊಂಡಳು.

ಅಕ್ಕ ಶೇಂಗಾದ ಉಂಡೆ ಕಟ್ಟಿಕೊಂಡು ಬಂದಳು. ಟಿ.ವಿ. ಸರಿಯಾಯಿತು, ಸಾರ್ ಸರಿಮಾಡಿದರು ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದಳು. ನಿಜ ಹೇಳುವುದಕ್ಕೆ ಅದೊಂದು ಸಮಯವಿತ್ತು. ಗುಡ್ಡದ ಕಡೆಯಿಂದ ಏನೋ ಅಡ್ಡಿ ಬರುತ್ತಿತ್ತು, ಈಗ ತೆಗೆದಿದ್ದೇನೆ ಎಂದೆ. ಅಡ್ಡಿ ತಂದವರು ಯಾರೆಂದು ಹೇಳಲಿಲ್ಲ. ಉಂಡೆಯನ್ನು ತಿಂದೆ.

ಹುಡುಗಿ ಅಂದಿನಿಂದ ನಮ್ಮ ಮನೆಯ ಬಟ್ಟೆ ಹೊಲಿಯುವುದನ್ನು ಬಿಟ್ಟಳು. ಅವ್ವ ಕಳಿಸಿದ ಕುಪ್ಪಸದ ಬಟ್ಟೆಯನ್ನು ಮಡಿಸಿದ ಹಾಗೆಯೇ ವಾಪಸು ತಂದು ಕಟ್ಟೆಯ ಮೇಲಿಟ್ಟು ಹೋದಳು. ಅವಳಿಗೆ ಸೊಕ್ಕು ಬಂದಿದೆ ಎಂದು ಅವ್ವ ತಿಂಗಳುಗಟ್ಟಲೆ ಆಡಿಕೊಂಡಳು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಆಮೇಲೆ ಕೇಬಲ್ಲು ಬಂತು, ಆಂಟೆನಾಗಳು ಗುಜರಿಗೆ ಹೋದವು. ಅವಳದೇ ಶಾಲೆಯಲ್ಲಿ ಓದಿದ್ದ, ಅವಳಂತೆಯೇ ಕಿವಿ ಕೇಳದ ಹುಡುಗನೊಂದಿಗೆ ಅವಳ ಮದುವೆಯಾಯಿತು. ಇಬ್ಬರೂ ಹತ್ತಿರದ ಆಸ್ಪರಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡರು. ನನಗೂ ಮದುವೆ, ಮಕ್ಕಳು. ಅವ್ವ ತೀರಿಕೊಂಡಳು. ವರ್ಷಗಳು ಕಳೆದವು.

ಹೋದ ವರ್ಷ ಅಕ್ಕ ಪಿಂಚಣಿಯ ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಬಂದಳು. ಬೆನ್ನು ಬಾಗಿದೆ, ಕಣ್ಣು ಮಂಜು. ಅರ್ಜಿಯಲ್ಲಿ ಮಗಳ ಹೆಸರು ಬರೆಯುವಾಗ ನನ್ನ ಪೆನ್ನು ನಿಂತಿತು. ಯಾಕೋ ಆವತ್ತು ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಟ್ಯೂಬಿನದು ಸುಳ್ಳು, ಮಗಳು ಮಾಳಿಗೆಯ ಮೇಲೆ ತೋರಿಸಿದ್ದು ನಿಜ, ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದೆ.

"ಆವತ್ತು ಆಕಿನ್ನ ಬಡದೆ ಸಾರ್," ಎಂದಳು ಅಕ್ಕ. "ಒಳಗ ಕರಕೊಂಡು ಹೋಗಿ ಸೌಟಿಲೆ ಕೈ ಮ್ಯಾಲ ಹೊಡದೆ. ಸಾರ್ ಮರ್ಯಾದಿ ತೆಗದಿ ಅಂತ. ಎಂಟು ದಿನ ಸೂಜಿ ಹಿಡೀಲಿಲ್ಲ ಆಕಿ. ಕೈ ಮಾಡಿ ಮಾಡಿ ಹೇಳಿದ್ಲು ನನಗ. ನಿಮ್ಮ ಮಾತು ನಂಬಿದೆ, ಹೆತ್ತ ಮಗಳ ಕೈ ನಂಬಲಿಲ್ಲ."

ನನ್ನನ್ನು ಬೈಯಲಿಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಗೋಡೆಗೆ ಒರೆಸದೆ ಸೀರೆಗೇ ಒರೆಸಿಕೊಂಡು ಹೋದಳು.

ಆ ವಾರವೇ ತೆಲುಗಿನಲ್ಲಿ ಒಂದು ಪುಟದ ಕಾಗದ ಬರೆದುಕೊಂಡು ಆಸ್ಪರಿಗೆ ಹೋದೆ. ಅಂಗಡಿ ಬಸ್ಸು ನಿಲ್ಲುವಲ್ಲಿಂದ ಸ್ವಲ್ಪ ದೂರ. ಅವಳ ಕೂದಲು ನರೆತಿತ್ತು, ಕಂಡಕೂಡಲೇ ನನ್ನ ಗುರುತು ಹಿಡಿದಳು. ಕಾಗದ ಕೊಟ್ಟೆ. ನಿಂತೇ ಓದಿದಳು, ಓದಿ ಮತ್ತೆ ಮೊದಲಿನಿಂದ ಓದಿದಳು. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ, ಡಿಗ್ರಿ ಓದುವ ಮಗಳನ್ನು ಕರೆದು ಕೈಯಲ್ಲಿ ಏನೋ ಹೇಳಿದಳು. ಆ ಮಗಳಿಗೆ ಕಿವಿ ಕೇಳಿಸುತ್ತದೆ, ಮನೆಯ ಕೈಭಾಷೆಯೂ ಬರುತ್ತದೆ.

"ಅಮ್ಮ ಒಂದು ಕೇಳ್ತಾಳ್ರಿ," ಎಂದಳು. "ಮಾಳಿಗಿ ಮ್ಯಾಲ ತಾನು ತೋರಿಸಿದಾಗ ನಿಮಗ ತಿಳಿದಿತ್ತಾ, ಇಲ್ಲಾ ಆಮ್ಯಾಲ ತಿಳೀತಾ ಅಂತ."

ಕಾಗದದಲ್ಲಿ ತಪ್ಪಾಯಿತು ಎಂದು ಬರೆದಿದ್ದೆ, ಯಾವಾಗ ತಿಳಿದಿತ್ತು ಎಂಬುದನ್ನು ಬರೆದಿರಲಿಲ್ಲ. ಆಮೇಲೆ ತಿಳಿಯಿತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಇಷ್ಟು ವಯಸ್ಸಾದ ಮೇಲೂ ಬಂತು.

"ತಿಳಿದಿತ್ತು," ಎಂದೆ. "ಮೊದಲಿಂದ."

ಮಗಳು ಅದನ್ನು ಒಂದು ಸಣ್ಣ ಸನ್ನೆಯಲ್ಲಿ ಹೇಳಿದಳು. ತಾಯಿ ತಲೆಯಾಡಿಸಿ, ಕಾಗದವನ್ನು ಮಡಿಸಿ ನನ್ನ ಕೈಗೇ ವಾಪಸು ಕೊಟ್ಟು, ಮಿಷನ್ನಿನ ಮುಂದೆ ಕೂತಳು. ಗಿರಾಕಿಯೊಬ್ಬಳು ಕಾಯುತ್ತಿದ್ದಳು.

ಮಗಳು ಬಸ್ಸಿನ ತನಕ ಬಂದಳು. ತಾಯಿ ಈ ವಿಷಯ ಯಾವತ್ತೂ ಹೇಳಿಲ್ಲ, ಏನು ನಡೆದಿತ್ತು ಎಂದು ಕೇಳಿದಳು. ಬೇವಿನ ಮರದ ಕೆಳಗೆ ನಿಂತು ಹೇಳತೊಡಗಿದೆ. ಆದೋನಿಯ ಬಸ್ಸು ಬಂದಾಗ ಅರ್ಧ ಹೇಳಿದ್ದೆ, ಕೆಟ್ಟ ಭಾಗ ಇನ್ನೂ ಉಳಿದಿತ್ತು. ಕಂಡಕ್ಟರು ಹತ್ತುತ್ತೀರಾ ಎಂದು ಕೇಳಿದ. ಮುಂದಿನದಕ್ಕೆ ಬರುತ್ತೇನೆ ಎಂದು ಹೇಳಿ, ಬಿಟ್ಟಲ್ಲಿಂದ ಮತ್ತೆ ಶುರುಮಾಡಿದೆ.